ಹೊತ್ತು ಹೋಗುವ ಕ್ಯಾಮೆರಾ

ಸೋಮಲಿಂಗ ಗುರುಗಳಿಗೆ ಒಂದು ಅಭ್ಯಾಸವಿತ್ತು. ಸಂಜೆಯಾದರೆ ಹೊಳೆದಂಡೆಯ ಹಾಸುಬಂಡೆಯ ಮೇಲೆ ಗುಡ್ಡಕ್ಕೆ ಮುಖ ಮಾಡಿ ಕೂರುತ್ತಿದ್ದರು. ಕನ್ನಡಕ ತೆಗೆದು, ಬಾಯಿಯ ಹಬೆ ಕೊಟ್ಟು, ಪಂಚೆಯ ಚುಂಗಿನಿಂದ ಎರಡೂ ಗಾಜುಗಳನ್ನು ನಿಧಾನವಾಗಿ ಒರೆಸುತ್ತಿದ್ದರು. ಆಮೇಲೆ ಅದನ್ನು ಹಾಕಿಕೊಳ್ಳದೆ ಜೇಬಿಗಿಟ್ಟುಕೊಳ್ಳುತ್ತಿದ್ದರು.

ಹೊಸದಾಗಿ ಬಂದವರು ಇದೇನೆಂದು ಕೇಳಿದರೆ, ಹಿರಿಯ ಶಿಷ್ಯ ತಿಪ್ಪೇಶ ಉತ್ತರ ಹೇಳುತ್ತಿದ್ದ.

“ಗಾಜನ್ನು ಶುಚಿಯಾಗಿಡಬೇಕು. ಆದರೆ ಗಾಜನ್ನು ನಂಬಿ ಕೂರಬಾರದು. ಅದು ಅದರ ಅರ್ಥ.”

ಒಮ್ಮೆ ಗುರುಗಳು ಬಂಡೆಯ ಮೇಲೆ ಕೂತಲ್ಲಿಂದಲೇ, “ನನಗೆ ಈಗೀಗ ಗುಡ್ಡ ಕಾಣುವುದಿಲ್ಲ” ಅಂದಿದ್ದರು.

ಶಿಷ್ಯರು ಊಟ ಮರೆತು ಆ ಮಾತನ್ನೇ ಮೆಲುಕು ಹಾಕಿದರು. ಕೊನೆಗೆ ತಿಪ್ಪೇಶನೇ ಗಂಟು ಬಿಡಿಸಿದ.

“ನೋಡುವವನೇ ಗುಡ್ಡವಾದಮೇಲೆ ಗುಡ್ಡ ಕಾಣುವುದು ಯಾರಿಗೆ?”

ಎಲ್ಲರಿಗೂ ಸಮಾಧಾನವಾಯಿತು. ಮೂಲೆಯಲ್ಲಿ ಕೂತಿದ್ದ ದಾಕ್ಷಾಯಿಣಿಗೂ ಆಯಿತು.

ಸುತ್ತಲಿನವರು ಆ ಜಾಗವನ್ನು ಆಶ್ರಮ ಅನ್ನುತ್ತಿದ್ದರು. ಇದ್ದದ್ದು ಒಂದು ಹೆಂಚಿನ ಮನೆ, ಫಿಲ್ಮು ತೊಳೆಯುವ ಒಂದು ಕತ್ತಲೆಕೋಣೆ, ಮುಂದೆ ಹೊಳೆ, ಹೊಳೆಯಾಚೆ ಗುಡ್ಡ. ಗುರುಗಳು ಕಲಿಸುತ್ತಿದ್ದದ್ದು ದೊಡ್ಡ ಫಿಲ್ಮಿನ ಹಳೆಯ ಕ್ಯಾಮೆರಾದಲ್ಲಿ ಬೆಟ್ಟ ಬಯಲುಗಳ ಚಿತ್ರ ತೆಗೆಯುವುದನ್ನು. ಅದು ಕೈಯಲ್ಲಿ ಹಿಡಿದು ಒತ್ತುವ ಕ್ಯಾಮೆರಾ ಅಲ್ಲ. ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಹಾರ್ಮೋನಿಯಂ ತಿದಿಯಂಥ ಮಡಿಕೆಗಳನ್ನು ಎಳೆಯಬೇಕು. ತಲೆಯ ಮೇಲೆ ಕರಿಬಟ್ಟೆ ಹೊದ್ದು, ಹಿಂಬದಿಯ ಮಸುಕು ಗಾಜಿನ ಮೇಲೆ ತಲೆಕೆಳಗಾಗಿ ಮೂಡುವ ಬಿಂಬವನ್ನು ನೋಡಬೇಕು. ಆಮೇಲೆ ಒಂದೇ ಒಂದು ಹಾಳೆ ಫಿಲ್ಮು. ತಪ್ಪಿದರೆ ತಪ್ಪಿತು.

ಕಲಿಕೆ ಮುಗಿದವರಿಗೆ ಗುರುಗಳು ತಮ್ಮ ಪೆಟ್ಟಿಗೆ ತೆರೆಯುತ್ತಿದ್ದರು. ಅದರೊಳಗಿಂದ ಒಂದು ಕ್ಯಾಮೆರಾ ಆರಿಸಿಕೊಂಡು, ಹೆಗಲಿಗೇರಿಸಿ, ಬೆಟ್ಟಗಳ ಕಡೆ ಹೊರಟುಬಿಡಬೇಕು. ಕೊಟ್ಟಾದ ಮೇಲೆ ಗುರುಗಳು ಹೊಳೆಗಿಳಿದು ಕೈ ತೊಳೆದುಕೊಂಡು ಬರುತ್ತಿದ್ದರು. ಕೊಟ್ಟದ್ದರ ಮಾತನ್ನು ಮತ್ತೆ ಎತ್ತುತ್ತಿರಲಿಲ್ಲ.

ಆ ಸಲ ದಾಕ್ಷಾಯಿಣಿಯ ಸರದಿ. ಪೆಟ್ಟಿಗೆಯಲ್ಲಿ ಉಳಿದಿದ್ದದ್ದು ಮೂರು.

ಅವಳು ಮಾತು ಕಡಿಮೆಯ ಹುಡುಗಿ. ಮನಸ್ಸಿಗೆ ಬಂದ ಪ್ರಶ್ನೆಗಳಲ್ಲಿ ಅರ್ಧವನ್ನು ನುಂಗಿಕೊಳ್ಳುತ್ತಿದ್ದಳು. ಇದನ್ನು ಮಾತ್ರ ನುಂಗಲಾಗಲಿಲ್ಲ.

“ಗುರುಗಳೇ, ಯಾವುದನ್ನು ಒಯ್ಯಲಿ?”

“ಯಾವ ಬೆಟ್ಟಕ್ಕೆ ಹೋಗುತ್ತೀ?”

“ಹೊಳೆಯ ಗುಂಟ ಮೇಲಕ್ಕೆ. ಸಿಕ್ಕ ಬೆಟ್ಟವನ್ನೆಲ್ಲ ಹತ್ತಬೇಕು ಅಂತಿದ್ದೇನೆ.”

“ಹಾಗಾದರೆ ಸಿಕ್ಕ ಕ್ಯಾಮೆರಾ ಒಯ್ಯಿ.”

“ತಪ್ಪಾಗಿ ಆರಿಸಿದರೆ?”

“ಬೆನ್ನು ಹೇಳುತ್ತದೆ.”

“ಮೂರರಲ್ಲಿ ಹಗುರವಾದದ್ದು ಯಾವುದು?”

“ಮನೆಯಲ್ಲೇ ಬಿಟ್ಟು ಹೋದದ್ದು.”

ತಿಪ್ಪೇಶ ಕಣ್ಣು ಮುಚ್ಚಿ ತಲೆದೂಗಿದ.

ಗುರುಗಳು ಪೆಟ್ಟಿಗೆಯ ಬೀಗದ ಕೈಯನ್ನು ಅವಳ ಅಂಗೈಗೆ ಹಾಕಿದರು. “ದಿನಕ್ಕೊಂದನ್ನು ಹೊತ್ತು ಗುಡ್ಡ ಹತ್ತಿ ಬಾ. ಫಿಲ್ಮು ಬೇಡ.”

ಮೊದಲ ದಿನ ಚಿಕ್ಕದನ್ನು ಒಯ್ದಳು. ತೆಳು ಹಲಗೆಯದು. ಮಡಚಿದರೆ ಒಂದು ದಪ್ಪ ಪುಸ್ತಕದಷ್ಟು. ದೋಣಿಯಲ್ಲಿ ಹೊಳೆ ದಾಟಿ ಹೋದವಳು ಬಿಸಿಲೇರುವ ಮೊದಲೇ ವಾಪಸು ಬಂದಳು.

“ಬೆನ್ನ ಮೇಲೆ ಇದೆಯೋ ಇಲ್ಲವೋ ಅನ್ನುವುದೇ ಗೊತ್ತಾಗಲಿಲ್ಲ, ಗುರುಗಳೇ. ಗಾಳಿ ಬೀಸಿದರೆ ಒಂಚೂರು ನಡುಗುತ್ತದೆ. ತಿದಿ ಹೊಸದು, ಬೆಳಕು ಸೋರುವುದಿಲ್ಲ. ತಿರುಪು ಸ್ವಲ್ಪ ಸಡಿಲ.”

ಗುರುಗಳು ಕೇಳಿಸಿಕೊಂಡರು.

“ನೆತ್ತಿಯ ಬಂಡೆಯ ಬಿರುಕಿನಲ್ಲಿ ಒಂದು ಬಸರಿಗಿಡ ಇತ್ತು,” ಅಂದರು. “ಇದೆಯಾ?”

ದಾಕ್ಷಾಯಿಣಿ ನೋಡಿರಲಿಲ್ಲ. ತಲೆ ತಗ್ಗಿಸಿದಳು.

ಹಿತ್ತಲಲ್ಲಿ ತಿಪ್ಪೇಶ ಅವಳನ್ನು ಹಿಡಿದ. “ಗುಡ್ಡ ಅಂದರೆ ನಿನ್ನ ಅಹಂಕಾರ. ಬಿರುಕು ಅಂದರೆ ಗುರುವಿನ ಮಾತು.”

“ಬಸರಿಗಿಡ?”

“ಅದು ನೀನೇ ಮಾರಾಯ್ತಿ. ಇದ್ದೀಯಾ ಅಂತ ಕೇಳುತ್ತಿದ್ದಾರೆ.”

ಎರಡನೆಯ ದಿನ ಲೋಹದ್ದನ್ನು ಒಯ್ದಳು. ಬೂದು ಬಣ್ಣದ್ದು, ಎಲ್ಲವೂ ಅಳತೆಗೆ ಕೂತದ್ದು. ಒಮ್ಮೆ ಬಿಗಿದರೆ ಬೆಟ್ಟ ಅಲುಗಿದರೂ ಅದು ಅಲುಗದು. ಆದರೆ ಅದರ ಮೂಲೆಗಳು ದಾರಿಯುದ್ದಕ್ಕೂ ಬೆನ್ನಿಗೆ ಚುಚ್ಚಿದವು. ಗುಡ್ಡದ ಮೇಲೂ ಅವಳ ಕಣ್ಣು ಅದರ ತಿರುಪುಗಳ ಮೇಲೇ ಇತ್ತು. ಆದರೆ ಇಳಿಯುವಾಗ ಗುರುಗಳು ಕೇಳಬಹುದಾದ ಮಾತಿಗೆ ಒಂದು ಉತ್ತರವನ್ನು ಹೊಂದಿಸಿಕೊಂಡೇ ಬಂದಳು.

ಗುರುಗಳು ಕೇಳಿಯೇ ಕೇಳಿದರು. “ಬಸರಿಗಿಡ ಇದೆಯಾ?”

“ನೋಡುವವಳು ಇರುವವರೆಗೆ ಅದೂ ಇದೆ, ಗುರುಗಳೇ.”

ತಿಪ್ಪೇಶನ ಮುಖ ಅರಳಿತು.

ಗುರುಗಳು ಅವಳು ನಿಂತ ಕಡೆ ಮುಖ ತಿರುಗಿಸಿದರು.

“ಹೋಗು, ಊಟ ಮಾಡು,” ಅಂದರು.

ಮೂರನೆಯದು ದೊಡ್ಡದು. ಸಾಗುವಾನಿಯದು, ಹಿತ್ತಾಳೆ ತಿರುಪುಗಳದ್ದು. ಮಡಚಿದರೂ ಹಾರ್ಮೋನಿಯಂ ಪೆಟ್ಟಿಗೆಯಷ್ಟು. ಅದರ ಹಿಂದಿನ ಗಾಜು ಊಟದ ತಟ್ಟೆಯಷ್ಟು ಅಗಲ. ಗುರುಗಳು ಗುಡ್ಡ ಹತ್ತುವುದನ್ನು ಬಿಟ್ಟಮೇಲೆ ಅದನ್ನು ಯಾರೂ ಪೆಟ್ಟಿಗೆಯಿಂದ ಹೊರಗೆ ತೆಗೆದಿರಲಿಲ್ಲ.

“ಅದನ್ನು ಹೊತ್ತು ಬೆಟ್ಟ ಸುತ್ತುತ್ತೀಯಾ?” ತಿಪ್ಪೇಶ ನಕ್ಕ. “ಜೊತೆಗೆ ಒಂದು ಕತ್ತೆಯನ್ನೂ ಆರಿಸಿಕೋ.”

“ನೀನು ಬರುತ್ತೀಯಾ ಅಣ್ಣ?” ಅಂದಳು ದಾಕ್ಷಾಯಿಣಿ. ಅಂದಮೇಲೆ ಅವಳಿಗೇ ನಾಚಿಕೆಯಾಯಿತು.

ಅರ್ಧ ದಾರಿಗೇ ಕ್ಯಾಮೆರಾವನ್ನು ಬೆನ್ನಿಂದ ಇಳಿಸಿದಳು. ಒಂದು ಬಂಡೆಗೊರಗಿ ಕೂತು ಅತ್ತಳು. ಕ್ಯಾಮೆರಾವನ್ನು ಬೈದಳು, ಮರ ಕೊಯ್ದವನನ್ನು ಬೈದಳು. ಹಗುರದ್ದೇ ಸಾಕು ಎಂದು ತೀರ್ಮಾನಿಸಿದಳು. ಆದರೂ ಅಲ್ಲಿಯವರೆಗೆ ಬಂದಾಗಿತ್ತು. ಮೇಲಕ್ಕೆ ಹೋದಳು.

ನೆತ್ತಿಯ ಮೇಲೆ ಸ್ಟ್ಯಾಂಡು ಊರಿ, ತಿದಿ ಎಳೆದು, ಕರಿಬಟ್ಟೆಯೊಳಗೆ ತಲೆ ತೂರಿದಳು.

ಗಾಜಿನ ತುಂಬ ಹೊಳೆ. ತಲೆಕೆಳಗಾಗಿ, ಮೇಲ್ಗಡೆ ತೂಗುತ್ತ, ಸದ್ದಿಲ್ಲದೆ ಹರಿಯುತ್ತಿತ್ತು. ಅದರ ದಂಡೆಗೆ ತಮ್ಮ ಹೆಂಚಿನ ಮನೆ. ಹಗ್ಗದ ಮೇಲೆ ಒಣಗಿದ ಬಟ್ಟೆ. ಹಾಸುಬಂಡೆಯ ಮೇಲೆ ಒಂದು ಬಿಳಿ ಚುಕ್ಕೆ. ಅದು ಗುರುಗಳು. ಆ ದೂರದಿಂದ ಅವರು ಒಂದು ಅಕ್ಕಿಕಾಳಿನಷ್ಟಿದ್ದರು, ಗುಡ್ಡದ ಕಡೆಗೇ ಮುಖ ಮಾಡಿದ್ದರು.

ಅವಳು ಎಷ್ಟು ಹೊತ್ತು ನೋಡಿದಳೋ. ಬಟ್ಟೆಯಿಂದ ಹೊರಗೆ ಬಂದಾಗ ಬಿಸಿಲು ಇಳಿಮುಖವಾಗಿತ್ತು. ಬಸರಿಗಿಡದ ನೆನಪು ಆವತ್ತೂ ಬರಲಿಲ್ಲ.

ಮನೆಗೆ ಬಂದಾಗ ಗುರುಗಳು ಬಂಡೆಯ ಮೇಲೇ ಇದ್ದರು.

“ಹೇಗಿದೆ?”

“ಭಾರ, ಗುರುಗಳೇ. ದಾರಿಯಲ್ಲಿ ಅತ್ತುಬಿಟ್ಟೆ.”

“ಮತ್ತೆ?”

“ಇದೇ ಬೇಕು.”

“ಅತ್ತ ಮೇಲೂ?”

“ಆ ಎರಡನ್ನು ಒಯ್ದಾಗ ಕ್ಯಾಮೆರಾ ನೋಡಿಕೊಂಡು ಬಂದೆ. ಇವತ್ತು ಹೊಳೆ ನೋಡಿಕೊಂಡು ಬಂದೆ.”

ಗುರುಗಳು ನಕ್ಕರು. ಅವರು ನಕ್ಕದ್ದನ್ನು ಶಿಷ್ಯರು ನೋಡಿದ್ದು ಕಡಿಮೆ.

“ಒಯ್ಯಿ,” ಅಂದರು. “ನಿನ್ನದು.”

ಹಾಗೆಂದು ಎದ್ದು, ಕಾಲಲ್ಲಿ ನೆಲ ಸವರುತ್ತ, ಹೊಳೆಗಿಳಿದರು.

ಗುರುಗಳು ಕೈ ತೊಳೆಯುತ್ತಿದ್ದಾಗ ದಾಕ್ಷಾಯಿಣಿ ಹಾಸುಬಂಡೆಯ ಪಕ್ಕದಲ್ಲೇ ಸ್ಟ್ಯಾಂಡು ಊರಿದಳು. ಬೆಳಗಾದರೆ ಹೊರಡುವುದು. ಮೊದಲ ಹಾಳೆ ಫಿಲ್ಮಿನಲ್ಲಿ ಈ ಗುಡ್ಡವನ್ನೇ ತೆಗೆದುಕೊಂಡು ಹೋಗಬೇಕು ಅನ್ನಿಸಿತ್ತು. ಇಳಿಬಿಸಿಲು ಬಂಡೆಗಳ ಮೇಲೆ ಅರಿಶಿನ ಬಳಿದ ಹಾಗೆ ಬಿದ್ದಿತ್ತು. ದೂರದ್ದನ್ನು ಹತ್ತಿರ ತರುವ ಉದ್ದದ ಲೆನ್ಸು ಹಾಕಿ, ಗುಡ್ಡದ ನೆತ್ತಿ ಗಾಜಿನ ತುಂಬ ಬರುವ ಹಾಗೆ ಕೂಡಿಸಿದಳು.

ಗುರುಗಳು ನೀರು ತೊಟ್ಟಿಕ್ಕುವ ಕೈಗಳನ್ನು ಮುಂದೆ ಚಾಚಿಕೊಂಡು ಬಂದರು.

“ಒಮ್ಮೆ ನೋಡಿ, ಗುರುಗಳೇ. ಫೋಕಸ್ ಸರಿಯಿದೆಯಾ ಹೇಳಿ.”

“ಕೊಟ್ಟಾಯಿತಲ್ಲ. ಇನ್ನು ನಿನ್ನ ಕಣ್ಣೇ ನಿನಗೆ.”

“ಇದೊಂದು ಸಲ.”

ಅವರು ಒದ್ದೆ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ಬಾಗಿದರು. ಅವಳೇ ಕರಿಬಟ್ಟೆಯನ್ನು ಅವರ ತಲೆಯ ಮೇಲೆ ಎಳೆದಳು.

ಅವರು ಮೂಗು ಗಾಜಿಗೆ ತಾಗುವಷ್ಟು ಮುಂದಕ್ಕೆ ಸರಿದರು.

ತಿಪ್ಪೇಶ ಟೀ ಲೋಟ ಹಿಡಿದು ಬಂದವನು ಅಲ್ಲೇ ನಿಂತ. “ಧ್ಯಾನ,” ಎಂದು ಪಿಸುಗುಟ್ಟಿದ.

“ಇದೆ,” ಅಂದರು ಗುರುಗಳು ಬಟ್ಟೆಯೊಳಗಿಂದ.

“ಏನು, ಗುರುಗಳೇ?”

“ಬಸರಿಗಿಡ. ಕವಲೊಡೆದಿದೆ.”

ತಿಪ್ಪೇಶ ಬಾಯಿ ತೆರೆದ. ದಾಕ್ಷಾಯಿಣಿ ಅವನ ಕಡೆ ಕೈ ಎತ್ತಿದಳು. ಅವನು ಬಾಯಿ ಮುಚ್ಚಿದ.

ಅವಳು ತಿರುಗಿ ಬರಿಗಣ್ಣಿನಿಂದ ಗುಡ್ಡ ನೋಡಿದಳು. ನೆತ್ತಿಯ ಬಂಡೆಯಲ್ಲಿ ಒಂದು ಬಿರುಕು. ಬಿರುಕಿನಲ್ಲಿ ಒಂದು ಹಿಡಿ ಹಸಿರು. ಮೂರು ದಿನವೂ ಅದರ ಪಕ್ಕದಲ್ಲೇ ಹಾದು ಹೋಗಿದ್ದಳು.

“ಗುರುಗಳೇ, ನಿಮಗೆ ಗುಡ್ಡ ಕಾಣುತ್ತಿರಲಿಲ್ಲವೇ?”

“ಕೈಗೆಟುಕುವುದರಾಚೆ ಎಲ್ಲ ಹಾಲು ಚೆಲ್ಲಿದ ಹಾಗೆ. ಮೂಗಿನ ಹತ್ತಿರ ಹಿಡಿದದ್ದು ಕಾಣುತ್ತದೆ.”

“ಕನ್ನಡಕ?”

“ಅದರಿಂದ ಇನ್ನು ಪ್ರಯೋಜನವಿಲ್ಲ ಅಂದರು ಡಾಕ್ಟರು. ಒರೆಸುವ ಅಭ್ಯಾಸ ಹೋಗಲಿಲ್ಲ.”

“ನಮಗೆ ಹೇಳಲೇ ಇಲ್ಲವಲ್ಲ.”

“ಹೇಳಿದೆ. ತಿಪ್ಪೇಶ ಅದಕ್ಕೆ ಅರ್ಥ ಹೇಳಿದ.”

ತಿಪ್ಪೇಶ ಟೀ ಲೋಟದೊಳಗೆ ನೋಡುತ್ತ ನಿಂತ.

ದಾಕ್ಷಾಯಿಣಿ ಒಳಗೆ ಓಡಿದಳು. ಹಗುರದ್ದನ್ನೂ ಲೋಹದ್ದನ್ನೂ ತಂದು, ಬಂಡೆಯ ಮೇಲೆ ಒಂದರ ಪಕ್ಕ ಒಂದು ನಿಲ್ಲಿಸಿದಳು. ಎರಡರಲ್ಲೂ ಗುಡ್ಡವನ್ನು ಕೂಡಿಸಿದಳು.

“ಇದರಲ್ಲಿ ನೋಡಿ, ಗುರುಗಳೇ.”

ಗುರುಗಳು ಬಂದು ಹಗುರದ್ದರ ಗಾಜಿಗೆ ಮೂಗು ತಾಗಿಸಿ ನೋಡಿದರು. ಮಗು ತೋರಿಸಿದ್ದನ್ನು ಹಿರಿಯರು ನೋಡುವ ಹಾಗೆ, ಬೇಸರ ತೋರಿಸದೆ.

“ಏನಾದರೂ ಕಾಣುತ್ತದಾ?”

“ಬೆಳ್ಳಗಿದೆ.”

“ಇದರಲ್ಲಿ?”

“ಇದೂ ಬೆಳ್ಳಗೇ. ಗಾಜು ಸಾಲದು, ತಾಯಿ. ಇಷ್ಟು ಚಿಕ್ಕದರಲ್ಲಿ ಗುಡ್ಡ ಕರಗಿಹೋಗುತ್ತದೆ.”

ಹಾಗೆಂದು, ಯಾರೂ ಕರೆಯದೆ, ದಾರಿ ಗೊತ್ತಿದ್ದವರ ಹಾಗೆ ಮತ್ತೆ ದೊಡ್ಡದರ ಹಿಂದೆ ಹೋಗಿ ನಿಂತರು. ಬಟ್ಟೆಯನ್ನು ತಾವೇ ತಲೆಯ ಮೇಲೆ ಎಳೆದುಕೊಂಡರು.

ಹೊಳೆಯ ಮೇಲೆ ನೆರಳು ಚಾಚಿತು. ಗುಡ್ಡದ ಬುಡದಿಂದ ಬಿಸಿಲು ಮೇಲಕ್ಕೆ ಸರಿಯತೊಡಗಿತು. ಜಗಲಿಯ ಮೇಲೆ ದಾಕ್ಷಾಯಿಣಿಯ ಚೀಲ ಬಾಯಿ ತೆರೆದುಕೊಂಡು ಬಿದ್ದಿತ್ತು. ಕ್ಯಾಮೆರಾ ಹಿಡಿಸುವಷ್ಟು ಜಾಗ ಬಿಟ್ಟು ಉಳಿದದ್ದನ್ನೆಲ್ಲ ಅವಳು ಬೆಳಿಗ್ಗೆಯೇ ತುಂಬಿಟ್ಟಿದ್ದಳು.

ಬೆಳಕು ಇನ್ನೊಂದಿಷ್ಟು ಹೋದರೆ ಚಿತ್ರ ತೆಗೆಯಲಾಗದು. ಅವಳು ಹಿತ್ತಾಳೆಯ ತಿರುಪಿನ ಮೇಲೆ ಕೈ ಇಟ್ಟಳು.

“ಆಯಿತಾ, ಗುರುಗಳೇ?”

ಗುರುಗಳು ಬಟ್ಟೆಯಿಂದ ಹೊರಗೆ ಬರಲಿಲ್ಲ. ಅವರ ಬೆರಳುಗಳಲ್ಲಿ ಹೊಳೆಯ ನೀರಿನ ತೇವ ಇನ್ನೂ ಪೂರ್ತಿ ಆರಿರಲಿಲ್ಲ.

“ಕೊಟ್ಟದ್ದನ್ನು ಕೇಳಬಾರದು, ತಾಯಿ. ಕೈಯನ್ನೂ ತೊಳೆದುಕೊಂಡು ಬಂದೆ. ಆದರೂ ಕೇಳುತ್ತಿದ್ದೇನೆ. ಇದನ್ನು ಇಲ್ಲೇ ಬಿಟ್ಟು ಹೋಗುತ್ತೀಯಾ?”