ಹಾರ್ವೆಲ್ಡಿನ ಏಳನೆಯ ಒಡೆಯ ಕೆನ್ನೆ ಕೊಟ್ಟ ದಿನ

ಪೂಜ್ಯ ಇರ್ಮಮ್ಮನವರು ತಮ್ಮ ಬಾಳಿನ ಕೊನೆಯ ಇಪ್ಪತ್ತು ವರ್ಷಗಳನ್ನು ಹಾರ್ವೆಲ್ಡ್ ಸೀಮೆಯ ತೊರೆಯ ದಂಡೆಯಲ್ಲಿ, ಕುರಿದೊಡ್ಡಿಯ ಗೋಡೆಗೆ ಒರಗಿಸಿ ಇಳಿಸಿದ ಒಂದು ಮಾಡಿನ ಕೆಳಗೆ ಕಳೆದರು. ಊರಾಚೆ ಇರಿಸಿದ್ದ ಕುಷ್ಠರೋಗಿಗಳ ಗಾಯಕ್ಕೆ ಕಟ್ಟಿದ ಬಟ್ಟೆಗಳನ್ನು ಒಗೆದು, ಒಣಗಿಸಿ, ಮರಳಿ ಕಟ್ಟಿ ಬರುವುದು ಅವರ ದಿನದ ಕೆಲಸ. ಆಲ್ಪ್ಸ್ ಪರ್ವತದ ಸೆರಗಿನ ನಾಡು ಅದು. ಚಳಿಗಾಲದಲ್ಲಿ ತೊರೆ ಹೆಪ್ಪುಗಟ್ಟಿದರೆ ಕಲ್ಲಿನಿಂದ ಮಂಜುಗಡ್ಡೆ ಒಡೆದು ಒಗೆಯುತ್ತಿದ್ದರು. "ಅಮ್ಮ, ಕೈ ನೋಯುವುದಿಲ್ಲವೇ?" ಎಂದು ಯಾರಾದರೂ ಕೇಳಿದರೆ "ನೋಯುತ್ತದೆ" ಎನ್ನುತ್ತಿದ್ದರು, ಅಷ್ಟೇ. ನೋವನ್ನು ಅವರು ದೊಡ್ಡದು ಮಾಡಲಿಲ್ಲ, ಇಲ್ಲವೆಂದು ಸುಳ್ಳನ್ನೂ ಹೇಳಲಿಲ್ಲ.

ಇಂಥ ಬಡ ತಾಯಿಯ ಕೈಯಲ್ಲಿ ಒಂದು ಸೀಮೆಯ ಪಟ್ಟವಿತ್ತು ಎಂದರೆ ಓದುವವರಿಗೆ ಅಚ್ಚರಿಯಾದೀತು. ಆದರೆ ಇದ್ದದ್ದು ಹಾಗೆಯೇ.

ಆ ನಾಡಿನಲ್ಲಿ ಸೀಮೆಯ ಒಡೆಯನನ್ನು ಕೌಂಟ್ ಎಂದು ಕರೆಯುತ್ತಿದ್ದರು. ಹಾರ್ವೆಲ್ಡಿನಲ್ಲಿ ಹೊಸ ಕೌಂಟ್ ಪಟ್ಟಕ್ಕೆ ಬರಬೇಕಾದರೆ ಕೋಟೆಯಲ್ಲಿ ಕಿರೀಟ ತೊಟ್ಟರೆ ಸಾಲದು. ದೇವಾಲಯದ ಮುಂದಿನ ಬಯಲಿನಲ್ಲಿ ಒಂದು ಕಲ್ಲಿನ ಪೀಠವಿತ್ತು. ಅದರ ಮೇಲೆ ಕೂರುವ ಹಕ್ಕು ಒಂದು ಉಳುವವರ ಮನೆತನದ್ದು. ಒಡೆಯನಾಗುವವನು ಒರಟು ಕಂಬಳಿ ಹೊದ್ದು, ಬರಿಗಾಲಲ್ಲಿ, ತಾನೇ ಒಂದು ಎತ್ತನ್ನು ಹಿಡಿದುಕೊಂಡು ಅಲ್ಲಿಗೆ ನಡೆದು ಬರಬೇಕು. ಕಲ್ಲಿನ ಮೇಲೆ ಕೂತವರು ಜನರನ್ನು ಕೇಳುತ್ತಾರೆ: "ಇವನು ನ್ಯಾಯವಂತನಾಗುತ್ತಾನೆಯೇ?" ಜನ "ಆಗುತ್ತಾನೆ" ಎನ್ನಬೇಕು. ಆಮೇಲೆ ಕೂತವರು ಅವನ ಕೆನ್ನೆಗೆ ಒಂದು ಏಟು ಹೊಡೆದು, ಎದ್ದು, ಜಾಗ ಬಿಟ್ಟುಕೊಡುತ್ತಾರೆ. ಬೇರೆಯವರಿಗೆ ಶಿಕ್ಷೆ ಹೇಳುವವನಿಗೆ ಏಟಿನ ಉರಿ ಒಮ್ಮೆಯಾದರೂ ಗೊತ್ತಿರಲಿ ಎಂದು ಹಿರಿಯರು ಮಾಡಿದ ಕಟ್ಟಳೆ.

ಮೊದಲ ಒಡೆಯ ಅಡಾಲ್ಬೆರೋ ತಿಂದ ಏಟಿನ ಗುರುತು ಮೂರು ದಿನ ಇತ್ತಂತೆ. ಆತ ಅದನ್ನು ಭಾನುವಾರ ದೇವಾಲಯದಲ್ಲಿ ರೊಟ್ಟಿ-ದ್ರಾಕ್ಷಾರಸ ಅರ್ಪಿಸುವ ಬಲಿಪೂಜೆಯಲ್ಲಿ ಎಲ್ಲರಿಗೂ ಕಾಣುವಂತೆ ನಿಂತಿದ್ದನಂತೆ. ಅವನ ಮಗ ಹುನ್‌ಫ್ರಿಡನ ಕಾಲಕ್ಕೆ ಎರಡು ಬೆರಳು ತಾಗಿಸಿದರೆ ಸಾಕು ಎಂದಾಯಿತು. ಮೂರನೆಯ ಓಟ್ಗೆರ್ ಕೆನ್ನೆಯ ಬದಲು ತನ್ನ ಕೈಗವಸು ಮುಂದೆ ಹಿಡಿದ. ನಾಲ್ಕನೆಯ ಎಗಿನೋ ತನ್ನ ಕುದುರೆಗೆ ಹೊಡೆಸಿದ. ಆ ವರ್ಷ ಸುಧಾರಿಸಿದ್ದು ಕುದುರೆ ಮಾತ್ರ ಎಂದು ಊರವರು ನಗುತ್ತಿದ್ದರು. ಐದನೆಯವನು ಎಗಿನೋನ ಅಳಿಯ ಟೀಮೋ. ಅವನು ತನ್ನ ಪಾರುಪತ್ಯಗಾರನನ್ನೇ ಕೆನ್ನೆಗೆ ನೇಮಿಸಿ, ಆ ಸೇವೆಗೆಂದು ಅವನ ವಂಶಕ್ಕೆ ಒಂದು ಹುಲ್ಲುಗಾವಲನ್ನು ಉಂಬಳಿ ಬರೆದುಕೊಟ್ಟ. ಆರನೆಯವನಾದ ಟೀಮೋನ ಮಗ ಲುಡೋಲ್ಫನ ಹೊತ್ತಿಗೆ ಅದೂ ಹೋಯಿತು. ಲಿಪಿಕಾರನೊಬ್ಬ ಚರ್ಮದ ಹಾಳೆ ಹಿಡಿದು "ಏಟು ಸಂದಿದೆ" ಎಂದು ಓದಿದ. ಅಂದು ಕಲ್ಲಿನ ಮೇಲೆ ಕೂತಿದ್ದವರು ಇರ್ಮಮ್ಮನವರ ತಂದೆ. ಮನೆಗೆ ಬಂದವರು ಆ ರಾತ್ರಿ ಊಟ ಮಾಡಲಿಲ್ಲ. ಅವರ ಮನೆತನದಲ್ಲಿ ಉಳಿದವರು ಮಗಳೊಬ್ಬರೇ. ತಂದೆಯ ನಂತರ ಕಲ್ಲಿನ ಹಕ್ಕು ಅವರದಾಯಿತು.

ಲುಡೋಲ್ಫ ಮಕ್ಕಳಿಲ್ಲದೆ ತೀರಿಕೊಂಡ. ಪಟ್ಟಕ್ಕೆ ಬರಬೇಕಾದವನು ತಮ್ಮ ರೈನಾರ್ಡ್, ಅಣ್ಣನ ದಂಡಿನ ನಾಯಕ. ಎರಡು ವರ್ಷದ ಹಿಂದೆ ಮೇಲಿನಹಳ್ಳಿಯವರು, ಪೈರು ನಿಂತ ಹೊಲಕ್ಕೆ ಒಡೆಯರ ಬೇಟೆನಾಯಿಗಳನ್ನು ನುಗ್ಗಿಸಬೇಡಿ ಎಂದು ಅಡ್ಡ ನಿಂತಿದ್ದರು. ಆ ಸಂಜೆ ಅಲ್ಲಿನ ಹನ್ನೊಂದು ಮನೆಗಳು ಸುಟ್ಟುಹೋದವು. ಅಣ್ಣನ ಅಪ್ಪಣೆಯಂತೆ ಎಂದು ರೈನಾರ್ಡ್ ಹೇಳಿದ್ದ. ಸತ್ತವನು ಈಗ ಹೌದೆನ್ನುವಂತಿಲ್ಲ, ಅಲ್ಲವೆನ್ನುವಂತಿಲ್ಲ.

ಸಂತ ಮಿಕೇಲರ ಹಬ್ಬದ ದಿನ, ಸಂಜೆಯ ಪ್ರಾರ್ಥನೆಯ ಗಂಟೆಯೊಳಗೆ ಹೊಸ ಒಡೆಯ ಕಲ್ಲಿನ ಮೇಲೆ ಕೂರದಿದ್ದರೆ ಸೀಮೆ ಮೇಲಿನ ಅರಸನಾದ ಡ್ಯೂಕನಿಗೆ ಸೇರಬೇಕೆಂಬ ಕರಾರಿತ್ತು. ಡ್ಯೂಕನ ದೂತ ಬಂದು ಇಳಿದಿದ್ದ. ಆರು ಒಡೆಯರಿಂದ ಬಂದ ಒಡೆತನ ಒಂದು ಹಗಲಿನ ಮೇಲೆ ನಿಂತಿತ್ತು.

ಹಬ್ಬದ ಮುನ್ನಾದಿನ ರೈನಾರ್ಡ್ ತನ್ನ ಪಾರುಪತ್ಯಗಾರ ವೊಲ್ಕ್‌ಮಾರನೊಂದಿಗೆ ತೊರೆಯ ದಂಡೆಗೆ ಬಂದ. ಅವನಿಗೆ ದೇವರಲ್ಲಿ ಭಯ ಕಡಿಮೆ, ಮುದುಕಿಯರಲ್ಲಿ ಇನ್ನೂ ಕಡಿಮೆ. ಕುದುರೆಯಿಂದ ಇಳಿಯದೆಯೇ ಕೇಳಿದ, "ಕಲ್ಲಿನವಳು ನೀನೇನಾ?"

ಇರ್ಮಮ್ಮನವರು ಬಟ್ಟೆ ಹಿಂಡುತ್ತಲೇ "ಹೌದು ಒಡೆಯರೇ" ಎಂದರು.

ವೊಲ್ಕ್‌ಮಾರ್ ಮುಂದೆ ಬಂದು ವಿನಯದಿಂದ ಹೇಳಿದ, "ತಾಯಿ, ಏಟು ಸಂದಿದೆ ಅನ್ನುವ ಓಲೆ ಸಿದ್ಧವಾಗಿದೆ. ನಾಳೆ ಓದಿಬಿಡುತ್ತೇವೆ. ನೀವು ಸುಮ್ಮನೆ ಎದ್ದರಾಯಿತು. ಹೊಡೆಯಲೇಬೇಕು ಅಂತಿದ್ದರೆ ನಾನಿದ್ದೇನೆ. ನಮ್ಮ ತಾತನ ಕಾಲದಿಂದ ಆ ಉಂಬಳಿಯ ಹುಲ್ಲು ಕೊಯ್ದು ತಿಂದಿದ್ದೇವೆ."

"ಹುಲ್ಲು ನೀವು ತಿಂದಿರಾ, ಹಸು ತಿಂದವಾ?" ಎಂದು ಅಮ್ಮನವರು ಕೇಳಿದಾಗ ಕಡುಕೋಪಿಯಾದ ರೈನಾರ್ಡನೂ ಮೀಸೆಯೊಳಗೆ ನಕ್ಕನಂತೆ. ನಗುತ್ತಲೇ ಅಂದ, "ಈ ಆಟವೆಲ್ಲ ಕುರುಬರಿಗೆ ಸರಿ. ಕಲ್ಲು ಕಲ್ಲೇ. ಏನು ಬೇಕು ಹೇಳು, ಕೊಡುತ್ತೇನೆ."

ಅಮ್ಮನವರು ತಲೆಯೆತ್ತಿ ನೋಡಿದರು. "ನಾಳೆ ನಡೆದು ಬನ್ನಿ, ಒಡೆಯರೇ. ಬರುವಾಗ ಕೆನ್ನೆ ತನ್ನಿ."

ಮರುದಿನ ಬಲಿಪೂಜೆ ಮುಗಿದ ಮೇಲೆ ಬಯಲು ತುಂಬಿತು. ಮೇಲಿನಹಳ್ಳಿಯವರೂ ಇಳಿದುಬಂದು ಒಂದು ಮೂಲೆಯಲ್ಲಿ ನಿಂತರು. ಇರ್ಮಮ್ಮನವರು "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂಬ ಪರಲೋಕ ಮಂತ್ರ ಹೇಳಿಕೊಂಡು ಕಲ್ಲಿನ ಮೇಲೆ ಕೂತರು. ರೈನಾರ್ಡ್ ಕಂಬಳಿ ಹೊದ್ದು, ಬರಿಗಾಲಲ್ಲಿ, ಎತ್ತು ಹಿಡಿದು ಬಂದ. ಆದರೆ ಅವನ ಮೂವತ್ತು ಜನ ಆಳುಗಳು ಕತ್ತಿ ಸಮೇತ ಬಯಲಿನ ಅಂಚಿನಲ್ಲಿದ್ದರು.

ಕಲ್ಲಿನ ಮೇಲೆ ಕೂತವರಿಗೆ ಎದುರಿನವನು ಇನ್ನೂ ಒಡೆಯನಲ್ಲ. ಏಕವಚನವೇ ಅಲ್ಲಿನ ವಾಡಿಕೆ. ಅಮ್ಮನವರು ಕೇಳಿದರು, "ಇವನು ನ್ಯಾಯವಂತನಾಗುತ್ತಾನೆಯೇ?"

ಯಾರೂ ಉತ್ತರಿಸಲಿಲ್ಲ.

ಆರು ಒಡೆಯರ ಕಾಲದಲ್ಲಿ ಹೀಗಾಗಿರಲಿಲ್ಲ. ಕೆಮ್ಮಿಯಾದರೂ, ಗೊಣಗಿಯಾದರೂ ಜನ "ಆಗುತ್ತಾನೆ" ಅಂದುಬಿಡುತ್ತಿದ್ದರು. ಈ ಸಲ ಬಯಲಿಗೆ ಬಯಲೇ ನೆಲ ನೋಡುತ್ತ ನಿಂತಿತು. ದೂತ ಸೂರ್ಯನನ್ನು ನೋಡಿದ. ಹೊತ್ತು ಇಳಿಯತೊಡಗಿತು. ಅಮ್ಮನವರು ಇನ್ನೊಮ್ಮೆ ಕೇಳಿದರು, ಒಂದು ತಲೆಯೂ ಮೇಲೇಳಲಿಲ್ಲ. ಗಾಬರಿಯಾದ ವೊಲ್ಕ್‌ಮಾರ್ ಓಡಿಬಂದು ಕಣ್ಣು ಮುಚ್ಚಿ ತನ್ನ ಮುಖವನ್ನೇ ಮುಂದೊಡ್ಡಿದ.

"ನಿನಗಲ್ಲಪ್ಪ, ಅತ್ತ ಸರಿ" ಎಂದರು ಅಮ್ಮನವರು.

ರೈನಾರ್ಡನ ಮುಖ ಕೆಂಪಾಯಿತು. "ನನ್ನ ಅಪ್ಪನಿಗೆ ಬೀಳಲಿಲ್ಲ, ಅಣ್ಣನಿಗೆ ಬೀಳಲಿಲ್ಲ. ತಲೆಮಾರುಗಳಿಂದ ಯಾರಿಗೂ ಬೀಳದ ಏಟು ನನಗೊಬ್ಬನಿಗೇ ಯಾಕೆ?"

ಆ ತಾಯಿ ಸಾವಕಾಶವಾಗಿ ಹೇಳಿದರು, "ಅವರ ಕೆನ್ನೆಗೆ ಬೀಳದೆ ಉಳಿದ ಏಟು ಎಲ್ಲಿಗೆ ಹೋಯಿತು ಮಗನೇ? ಮೇಲಿನಹಳ್ಳಿಯ ಹನ್ನೊಂದು ಮನೆಗಳ ಮೇಲೆ ಬಿತ್ತು."

ಅವನ ಕೈ ಸೊಂಟಕ್ಕೆ ಹೋಯಿತು. ಕಂಬಳಿಯ ಕೆಳಗೆ ಕತ್ತಿಯಿರಲಿಲ್ಲ. ಅಂಚಿನಲ್ಲಿದ್ದ ಆಳುಗಳು ಅವನ ಸನ್ನೆಗೆ ಕಾದರು. ಒಂದು ಮಾತು ಸಾಕಿತ್ತು. ಕಲ್ಲು ಖಾಲಿಯಾಗುತ್ತಿತ್ತು, ದೂತನೂ ಅಡ್ಡಿಪಡಿಸುತ್ತಿರಲಿಲ್ಲ. ಅಮ್ಮನವರು ಕದಲಲಿಲ್ಲ, ಕಣ್ಣನ್ನೂ ತೆಗೆಯಲಿಲ್ಲ. ಆ ನೋಟದಲ್ಲಿ ಸಿಟ್ಟಿರಲಿಲ್ಲವೆಂದು ನೋಡಿದವರೆಲ್ಲ ಹೇಳಿದ್ದಾರೆ. ರೋಗಿಯ ಗಾಯದ ಕಟ್ಟು ಬಿಚ್ಚುವಾಗ ಇರುತ್ತಿದ್ದ ನೋಟವೇ ಅದು.

ರೈನಾರ್ಡ್ ಎತ್ತಿನ ಹಗ್ಗ ಬಿಟ್ಟು ಮಂಡಿಯೂರಿದ.

ಅಮ್ಮನವರು ಜನರ ಮಾತಿಗೆ ಕಾಯದೆ, ಶಿಲುಬೆಯ ಗುರುತು ಮಾಡಿಕೊಂಡು ಹೊಡೆದರು. ಬೆರಳು ತಾಗಿಸಲಿಲ್ಲ, ಸವರಲಿಲ್ಲ. ಇಪ್ಪತ್ತು ವರ್ಷ ಬಟ್ಟೆ ಒಗೆದ ಕೈಯಿಂದ ಹೊಡೆದರು. ಸದ್ದು ಬಯಲಿನ ಆಚೆ ಅಂಚಿಗೂ ಕೇಳಿಸಿತು. ಯಾವನೋ ಮುದುಕ "ಅಡಾಲ್ಬೆರೋಗೆ ಬಿದ್ದದ್ದು ಇದೇ ಇರಬೇಕು" ಅಂದನಂತೆ.

ರೈನಾರ್ಡ್ ಮೊಣಕಾಲಿನ ಮೇಲೆಯೇ ಜನರತ್ತ ತಿರುಗಿದ. "ಮೇಲಿನಹಳ್ಳಿಯವರು ಇದ್ದಾರಾ?"

ಗೆರ್ಬಾ ಎಂಬ ವಿಧವೆ ನಾಲ್ಕು ಹೆಜ್ಜೆ ಮುಂದೆ ಬಂದಳು. ಸುಟ್ಟ ಮನೆಗಳಲ್ಲಿ ಅವಳದೂ ಒಂದು.

"ಬೆಂಕಿ ಹಚ್ಚಿ ಅಂದವನು ನನ್ನ ಅಣ್ಣನಲ್ಲ," ಎಂದ ರೈನಾರ್ಡ್. "ಅವನಿಗೆ ಗೊತ್ತೇ ಇರಲಿಲ್ಲ. ಹೇಳಿದವನು ನಾನು."

ಡ್ಯೂಕನ ದೂತ ಕೇಳುತ್ತಿದ್ದ. ಈ ಒಂದು ಮಾತಿನಿಂದ ಪಟ್ಟವೇ ಕೈತಪ್ಪಬಹುದಿತ್ತು. ಅದು ರೈನಾರ್ಡನಿಗೂ ಗೊತ್ತಿತ್ತು.

"ನಮಗೆ ಅವತ್ತೇ ಗೊತ್ತಿತ್ತು," ಎಂದಳು ಗೆರ್ಬಾ. "ನೀವು ಯಾವತ್ತು ಹೇಳುತ್ತೀರೋ ಅಂತ ಕಾಯುತ್ತಿದ್ದೆವು."

ಅವನು ಅಮ್ಮನವರನ್ನು ಕೇಳಿದ, "ತಾಯಿ, ನನಗೆ ಶಿಕ್ಷೆ ಹೇಳಬೇಕಾದವರು ಯಾರು?"

"ಈ ಕಲ್ಲಿನ ಮೇಲೆ ಕೂರುವವನು," ಎಂದು ಅಮ್ಮನವರು ಮೂರನೆಯ ಸಲ ಜನರ ಕಡೆ ನೋಡಿದರು. "ಇವನು ನ್ಯಾಯವಂತನಾಗುತ್ತಾನೆಯೇ?"

ಗೆರ್ಬಾ ಅವನ ಕೆನ್ನೆಯ ಮೇಲೆ ಮೂಡಿದ್ದ ಬೆರಳುಗಳನ್ನು ನೋಡಿದಳು. "ಆಗುತ್ತಾನೆ," ಎಂದಳು. ಅವಳ ಹಿಂದೆ ಮೇಲಿನಹಳ್ಳಿ ಅದನ್ನೇ ಎಂದಿತು, ಅದರ ಹಿಂದೆ ಬಯಲೆಲ್ಲ ಎಂದಿತು. ಹಾರ್ವೆಲ್ಡಿನ ಜನ ತಲೆಮಾರುಗಳಿಂದ ಗೊಣಗಿಕೊಂಡು ಬಂದಿದ್ದ ಮಾತನ್ನು ಅಂದು ಎದೆತುಂಬಿ ಕೂಗಿದರು. ಪೂಜ್ಯ ಇರ್ಮಮ್ಮನವರು ಎದ್ದರು. ಏಳನೆಯ ಒಡೆಯ ಕಲ್ಲಿನ ಮೇಲೆ ಕೂತ. ಗಂಟೆಗೆ ಇನ್ನೂ ಹೊತ್ತಿತ್ತು.

ಅವನ ಮೊದಲ ತೀರ್ಪು ಅವನ ಮೇಲೆಯೇ ಆಯಿತು. ಕೋಟೆಯ ಕಾಡಿನ ಮರದಿಂದ ಹನ್ನೊಂದು ಮನೆಗಳನ್ನು ಎಬ್ಬಿಸಬೇಕು. ಹನ್ನೊಂದನೆಯದಕ್ಕೆ ಮಾಡು ಹೊದಿಸುವ ತನಕ ಒಡೆಯ ಕೋಟೆಯಲ್ಲಿ ಮಲಗಕೂಡದು. ಸಂಜೆಯ ಗಂಟೆ ಬಾರಿಸಿದಾಗ ದೂತ ಟೊಪ್ಪಿ ತೆಗೆದು ಬಾಗಿದ. ಇಡೀ ಬಯಲು ದೇವರಿಗೆ ಸ್ತೋತ್ರ ಹಾಡಿತು.

ಹನ್ನೆರಡು ವಾರ ರೈನಾರ್ಡ್ ಮೇಲಿನಹಳ್ಳಿಯಲ್ಲಿ ಗುಡಾರದಲ್ಲಿದ್ದು ತೊಲೆ ಹೊತ್ತ, ಹಲಗೆ ಜಡಿದ. ಕ್ರಿಸ್ಮಸ್ಸಿಗೆ ಎರಡು ದಿನವಿರುವಾಗ ಡ್ಯೂಕನ ಮನ್ನಣೆಯ ಪತ್ರ ಹಿಡಿದು ಹೊಸ ಸವಾರನೊಬ್ಬ ಅಲ್ಲಿಗೆ ಏರಿ ಬಂದ. ಕೊನೆಯ ಮನೆಯ ಮಾಡಿನ ಮೇಲೆ ಏಳೆಂಟು ಜನ ಕೆಲಸದಲ್ಲಿದ್ದರು. ಎಲ್ಲರ ಮೈಮೇಲೂ ಮರದ ಹೊಟ್ಟು.

"ಇಲ್ಲಿ ಕೌಂಟ್ ಯಾರು?" ಎಂದು ಅವನು ಕೆಳಗಿದ್ದ ಗೆರ್ಬಾಳನ್ನು ಕೇಳಿದ.

ಅವಳು ಮೇಲೆ ಬೆರಳು ತೋರಿಸಿದಳು. "ಅಗೋ, ಮೊಳೆ ಕಚ್ಚಿಕೊಂಡು ಕೂತಿದ್ದಾರಲ್ಲ, ಅವರೇ. ನಮ್ಮ ಒಡೆಯರು."

ಕಟ್ಟಿದ ಗಾಯವನ್ನು ಬಿಚ್ಚಿ ತೊಳೆಯುವ ಆ ಪುಣ್ಯವಂತೆಯ ಕೈ ನಮ್ಮ ಮೇಲೂ ಇರಲಿ. ಆಮೆನ್.