ಬಂಡೆಪೇಟೆಯಲ್ಲಿ ಏನು ಬೆಳೆಯುತ್ತೆ?

ಚಿಕ್ಕಲಿಂಗ ನಾಯಕನಿಗೆ ಆನೆ ಅಂದರೆ ಪ್ರಾಣ. ಅವುಗಳನ್ನು ಕಟ್ಟಲು ಬಯಲು ಹುಡುಕಿ ಹುಡುಕಿ, ಕಡೆಗೆ ಅವನ ಕಣ್ಣು ಬಿದ್ದದ್ದು ಬಂಡೆಪೇಟೆಯ ಸಂತೆಮಾಳದ ಮೇಲೆ.

"ನನ್ನ ಸೀಮೆಯಲ್ಲಿ ಸೋಮಾರಿ ಊರು ಅಂದರೆ ಅದೇ," ಎಂದ ಊಟಕ್ಕೆ ಕೂತಾಗ. "ಸುತ್ತ ಇಪ್ಪತ್ತು ಹಳ್ಳಿಯವರು ಬೆವರು ಸುರಿಸಿ ಬೆಳೀತಾರೆ. ಇವರು ಒಂದು ಹಿಡಿ ಕೊತ್ತಂಬರಿ ಸೊಪ್ಪನ್ನೂ ಬೆಳೆಯೋಲ್ಲ. ಇಂಥವರಿಗೆ ಸಂತೆ ಬೇರೆ ಕೇಡು!"

ಬಡಿಸುತ್ತಿದ್ದ ಅಡುಗೆಯ ಅಣ್ಣಾಜಿಯ ಸೌಟು ಅಲ್ಲೇ ನಿಂತಿತು. ಅದು ಅವನ ಹುಟ್ಟೂರು. ಅವನಕ್ಕ ಆ ಮಾಳದಲ್ಲೇ ಪುರಿ ಮಾರಿ ಸಂಸಾರ ತೂಗಿಸುತ್ತಿದ್ದಳು. ಸಂತೆ ಹೋದರೆ ಅವಳ ಗತಿ?

"ಬೆಳೀತಾರೆ ಬುದ್ಧಿ," ಅಂದೇಬಿಟ್ಟ.

"ಏನು ಬೆಳೀತಾರಯ್ಯ ಬಂಡೆ ಮೇಲೆ? ಬರೋ ಸೋಮವಾರ ನನ್ನ ಎಲೆ ಮೇಲೆ ತೋರಿಸು. ಇಲ್ಲದಿದ್ದರೆ ಸಂತೆಯೂ ಇಲ್ಲ, ನಿನ್ನ ಸೌಟೂ ಇಲ್ಲ!"

ಸೋಮವಾರ ಬಂತು. ನಾಯಕನ ಮಾವನವರೂ ಅವತ್ತೇ ಊಟಕ್ಕೆ ಬಂದರು.

"ನಮ್ಮ ಅಣ್ಣಾಜಿಯ ಸಾರು ಉಂಡರೆ ನೀವು ಊರಿಗೇ ಹೋಗೋಲ್ಲ ಮಾವ," ಎಂದು ನಾಯಕ ಬೀಗಿದ.

ಅಣ್ಣಾಜಿ ಅನ್ನ ಬಡಿಸಿ, ಸುತ್ತ ನಾಲ್ಕು ಬಟ್ಟಲು ಇಟ್ಟು, ಕೈಕಟ್ಟಿ ನಿಂತ. ಮಾವನವರು ಮೊದಲನೆಯದನ್ನು ಸುರಿದುಕೊಂಡರು. ಬರೀ ಬೆಂದ ಬೇಳೆ, ಸಪ್ಪೆ. ಎರಡನೆಯದು ಹುಣಸೆ ರಸ. ಅವರ ಮುಖ ಕಿವುಚಿಹೋಯಿತು. ಮೂರನೆಯದು ಖಾರದ ಪುಡಿ. ಪಾಪ, ಕೆಮ್ಮಿದ ರಭಸಕ್ಕೆ ಪೇಟವೇ ಉರುಳಿಬಿತ್ತು. ನಾಲ್ಕನೆಯದರಲ್ಲಿ ಉಪ್ಪಿತ್ತು, ಅದನ್ನು ಯಾರೂ ಮುಟ್ಟಲಿಲ್ಲ.

ನಾಯಕ ಕೆಂಡವಾದ. "ಮರ್ಯಾದೆ ಕಳೆದೆಯಲ್ಲೋ ಮುಠ್ಠಾಳ! ಇದರಲ್ಲಿ ಸಾರು ಯಾವುದು?"

"ಎಲ್ಲಾ ಸಾರೇ ಬುದ್ಧಿ. ಒಂದಕ್ಕೊಂದು ಇನ್ನೂ ಭೇಟಿಯಾಗಿಲ್ಲ, ಅಷ್ಟೆ."

"ಬೆರೆಸೋಕೆ ನಿನಗೇನು ರೋಗ?"

"ಬೇಳೆ ಹೊಸೂರಿನದು, ಹುಣಸೆ ತೋಪಿನಹಳ್ಳಿಯದು, ಮೆಣಸಿನಕಾಯಿ ಕೆಂಪಾಪುರದ್ದು, ಉಪ್ಪು ಚೌಳೂರಿನದು. ಸಂತೆ ಬೇಡ ಅಂದಿರಲ್ಲ, ಊರೂರಿಗೆ ನಾನೇ ಅಲೆದು ತಂದೆ. ಕಾಲು ನೋಡಿ, ಬೊಬ್ಬೆ! ಹೊಸೂರಲ್ಲಿ ಹುಣಸೆ ಇಲ್ಲ, ತೋಪಿನಹಳ್ಳೀಲಿ ಬೇಳೆ ಇಲ್ಲ. ಇವತ್ತು ನಿಮ್ಮ ಎಲೆ ಮೇಲೆ ಇರೋದೇ ನಾಳೆ ಅವರ ಮನೆ ಊಟ."

ನಾಯಕನ ದನಿ ಕೊಂಚ ಇಳಿಯಿತು. "ಅದಿರಲಿ. ಬಂಡೆಪೇಟೆಯವರು ಬೆಳೆದದ್ದು ತೋರಿಸು ಅಂದಿದ್ದೆ. ಎಲ್ಲಿ?"

ಅಣ್ಣಾಜಿ ಒಳಗೆ ಓಡಿದ. ಘಮಘಮಿಸುವ ತಪ್ಪಲೆ ತಂದು ಇಬ್ಬರ ಅನ್ನಕ್ಕೂ ಒಂದೊಂದು ಸೌಟು ಬಿಸಿ ಸಾರು ಸುರಿದ.

"ಇದೇ ಬುದ್ಧಿ. ನಾಲ್ಕೂರಿನವರು ನಾಲ್ಕು ಬೆಳೀತಾರೆ. ಸಾರು ಬೆಳೆಯೋದು ಮಾತ್ರ ಬಂಡೆಪೇಟೇಲೇ!"

ನಾಯಕ ಬಿದ್ದು ಬಿದ್ದು ನಕ್ಕ. ಕೊರಳ ಹಾರ ತೆಗೆದು ಅಣ್ಣಾಜಿಗೆ ಹಾಕಿ, ಸಂತೆ ಇದ್ದಲ್ಲೇ ಇರಲಿ ಎಂದು ಅಪ್ಪಣೆ ಮಾಡಿದ.

ಮಾವನವರ ಕಣ್ಣು ಮಾತ್ರ ತಪ್ಪಲೆಯ ಮೇಲೇ ಇತ್ತು. ಅನ್ನದಲ್ಲಿ ಗುಣಿ ಮಾಡಿಕೊಂಡು, ಎರಡನೇ ಸೌಟಿಗೆ ಕಾಯುತ್ತಿದ್ದರು.