ಎಡಗಡೆ ಎತ್ತಿನ ಹೆಸರು

ಹಳೇ ಕಾಲದ ಮಾತು, ನಮ್ಮೂರಲ್ಲಿ ಓಬಯ್ಯ ಅಂತ ಒಬ್ಬನಿದ್ದ. ಕೋಟೆ ಬಾಗಿಲ ಪಕ್ಕದ ದೊಡ್ಡ ಬಾವೀಲಿ ಕಪಿಲೆ ಹೊಡೀತಿದ್ದ. ಕಪಿಲೆ ಅಂದ್ರೆ ಎರಡೆತ್ತು ಕಟ್ಟಿ ತೊಗಲ ಚೀಲದಲ್ಲಿ ನೀರೆತ್ತೋದು. ನೀವು ಮೋಟರ್ ಕಾಲದವರು, ಅದಕ್ಕೇ ಬಿಡಿಸಿ ಹೇಳ್ತಿದೀನಿ. ಬಲಕ್ಕೆ ಕರಿಯ, ಎಡಕ್ಕೆ ಬಿಳಿಯ. ಓಬಯ್ಯ ಪದ ಕಟ್ಟಿ, ಅದರಲ್ಲಿ ಅವುಗಳ ಹೆಸರು ಕೂಗಿದ್ರೇನೇ ಅವು ಹೆಜ್ಜೆ ಎತ್ತುತಿದ್ದವಂತೆ.

ಆ ಸೀಮೆಗೆಲ್ಲ ಕೆಂಚರಾಯ ಅಂತ ದೊರೆ. ಏಳು ನಾಡು ಗೆದ್ದವನು. ಪದ ಕೇಳಿ ಮನಸೋತ. ಎತ್ತಿನ ಹೆಸರು ಯಾಕೆ, ಅಲ್ಲಿ ನನ್ನ ಹೆಸರು ಹಾಕಿ ಹಾಡು ಅಂದನಂತೆ. ಓಬಯ್ಯ ಕೈಮುಗಿದು, ಬುದ್ಧೀ, ನೊಗಕ್ಕೆ ಹೆಗಲು ಕೊಟ್ಟವರ ಹೆಸರು ಮಾತ್ರ ಈ ಪದಕ್ಕೆ ಹೊಂದೋದು ಅಂದ. ಎಂಥಾ ಗುಂಡಿಗೆ ನೋಡಿ. ದೊರೆಗೆ ಸಿಟ್ಟು ನೆತ್ತಿಗೇರ್ತು. ಬಿಳಿಯನ್ನ ಬಿಚ್ಚಿಸಿ ಕೋಟೆಯ ಕಲ್ಲುಬಂಡಿಗೆ ಹೂಡಿಸಿದ. ಅದು ನೊಗದಲ್ಲೇ ಸತ್ತುಬಿತ್ತು. ಅವತ್ತಿಂದ ಓಬಯ್ಯ ಹಾಡೋದನ್ನೇ ಬಿಟ್ಟ, ಕಪಿಲೆ ನಿಂತುಹೋಯ್ತು.

ಆಮೇಲೆ ಶತ್ರುಗಳ ದಂಡು ಬಂತು. ಕೋಟೆ ಬಿತ್ತು, ಊರು ಸುಟ್ಟುಹೋಯ್ತು. ಗುಡ್ಡದಲ್ಲಿ ಅಡಗಿದ್ದ ಜನ ವಾಪಸ್ ಬಂದಾಗ ಕೆರೆ ಹೆಣ ಬಿದ್ದು ಕೆಟ್ಟಿತ್ತು. ಉಳಿದದ್ದು ಆ ಬಾವಿ ಒಂದೇ, ಅದೂ ಕೈಯಲ್ಲಿ ಸೇದೋಕಾಗದಷ್ಟು ಆಳ. ಕೂಸುಗಳು ಬಾಯೊಣಗಿ ಅಳೋಕೂ ಆಗದೆ ಮಲಗಿದ್ದವು. ಓಬಯ್ಯ ಕರಿಯನ್ನ ಹೂಡಿದ. ಒಂಟಿ ಎತ್ತು, ಚೀಲ ಮೇಲೇಳಲಿಲ್ಲ.

ಆಗ ಗುಂಪಿಂದ ಒಬ್ಬ ಎದ್ದು ಬಂದ. ಮೈಯೆಲ್ಲ ಬೂದಿ, ತಲೇಲಿ ಪೇಟ ಇಲ್ಲ. ಕೆಂಚರಾಯನೇ. ಜನ ಕಲ್ಲು ಎತ್ತಿಕೊಂಡರು. ಅವನು ಯಾರ ಮುಖಾನೂ ನೋಡದೆ ನೊಗದ ಎಡಗಡೆಗೆ ಹೆಗಲು ಕೊಟ್ಟನಂತೆ. ಬಿಳಿಯನ ಜಾಗ ಅಲ್ವಾ ಅದು, ಓಬಯ್ಯನ ಹೊಟ್ಟೆ ಉರೀದೆ ಇರುತ್ತಾ? ಕೊನೆಗೆ ಕೂಸುಗಳ ಕಡೆ ನೋಡಿ ದನಿ ತೆಗೆದ:

ಆನೆ ಕಟ್ಟಿದ ಕಲ್ಲು ಉರುಳಿತೋ ಕರಿಯಾ,
ಬಾವಿಯ ಒರತೆ ಬತ್ತಲಿಲ್ಲೋ ಕೆಂಚಾ.

ಕರಿಯ ಹೆಜ್ಜೆ ಎತ್ತಿತು, ದೊರೆಯೂ ಎತ್ತಿದ. ನೀರು ಬಂತು. ಎಲ್ಲರೂ ಕುಡಿಯೋವರೆಗೂ ಓಬಯ್ಯ ಹಾಡಿದನಂತೆ, ಕೆಂಚ ಎಳೆದನಂತೆ. ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತೆ.

ಆ ಏಳು ನಾಡು ಯಾವುವೋ, ಯಾರಿಗೂ ಗೊತ್ತಿಲ್ಲ. ಕೋಟೆ ಕಲ್ಲು ನಮ್ಮ ಕೊಟ್ಟಿಗೆ ಗೋಡೇಲಿವೆ. ಆದರೆ ಇವತ್ತಿಗೂ ನಮ್ಮೂರಲ್ಲಿ ಮೋಟರ್ ಸ್ವಿಚ್ಚು ಒತ್ತೋ ಮುಂಚೆ ಆ ಎರಡು ಸಾಲು ಹಾಡ್ತಾರೆ. ಕೆಂಚ ಯಾರು ಅಂತ ಮಕ್ಕಳನ್ನ ಕೇಳಿ, ಓಬಯ್ಯನ ಎಡಗಡೆ ಎತ್ತು ಅಂತಾರೆ. ನಾನೂ ತಿದ್ದೋಕೆ ಹೋಗಲ್ಲ.